ಕಂಬಿಗೆ ಏರಿಸಿದ ಮಾತ್ರೆ ಹಾಳೆಗಳು

ಆ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಸಿಟ್ಟು ತರಿಸಿದ್ದು ಅದರ ವಿನಯ. ‘ಪ್ರಿಯ ಗೆಳೆಯರೇ, ಗಾಬರಿಯಾಗಬೇಡಿ, ನಿಮ್ಮ ಫೈಲುಗಳೆಲ್ಲ ಕ್ಷೇಮವಾಗಿವೆ’ ಎಂದು ಇಂಗ್ಲಿಷಿನಲ್ಲಿ ಶುರುವಾಗಿತ್ತು. ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈ ನಮ್ಮ ಹತ್ತಿರ ಇದೆ, ಹಣ ಕಳಿಸಿದರೆ ಕೊಡುತ್ತೇವೆ, ತಡ ಮಾಡಿದರೆ ಮೊತ್ತ ಎರಡರಷ್ಟಾಗುತ್ತದೆ, ನಿಮ್ಮ ಸಹಕಾರಕ್ಕೆ ಧನ್ಯವಾದಗಳು. ಕಾನ್ವೆಂಟಿನಲ್ಲಿ ಸಿಸ್ಟರು ನಮಗೆ ಪತ್ರ ಬರೆಯುವುದನ್ನು ಕಲಿಸುವಾಗ, ಏನನ್ನಾದರೂ ಕೇಳುವಾಗ ದನಿ ತಗ್ಗಿಸಿ ಕೇಳಬೇಕು, ಕಾಗದದಲ್ಲೂ ಅಷ್ಟೇ, ಎನ್ನುತ್ತಿದ್ದರು. ನಾನು ನಲವತ್ತು ವರ್ಷ ಹಾಗೇ ಕೇಳಿಕೊಂಡು ಬಂದವಳು. ಇವರು ಯಾರೋ, ಯಾವ ದೇಶದಲ್ಲಿ ಕೂತವರೋ, ಅದೇ ತಗ್ಗಿದ ದನಿಯಲ್ಲಿ ನಮ್ಮ ಕುತ್ತಿಗೆ ಹಿಡಿದಿದ್ದರು. ಪರದೆ ಮೇಲಿದ್ದ ಫೈಲುಗಳ ಚಿತ್ರಗಳೆಲ್ಲ ಅಳಿಸಿಹೋಗಿ, ಒಂದೊಂದೂ ಖಾಲಿ ಹಾಳೆಯಂತೆ ಬೆಳ್ಳಗಾಗಿದ್ದವು. ಹೆಸರುಗಳ ಕೊನೆಗೆ ಅರ್ಥವಿಲ್ಲದ ಅಕ್ಷರಗಳ ಬಾಲ. ಒಂದನ್ನು ಒತ್ತಿದೆ. ತೆರೆಯಲಿಲ್ಲ. ಇನ್ನೊಂದನ್ನು ಒತ್ತಿದೆ. ಕಂಪ್ಯೂಟರಿಗೆ ಧೂಳು ಕೂರದಿರಲಿ ಎಂದು ನಾನೇ ಕ್ರೋಶಾದಲ್ಲಿ ಹೆಣೆದಿದ್ದ ಬಿಳಿ ಮುಸುಕನ್ನು ಇನ್ನೂ ಎಡಗೈಯಲ್ಲಿ ಹಿಡಿದೇ ನಿಂತಿದ್ದೆ.

ಮಧುಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಅಕ್ಕಿ ಮಂಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಟ್ರಸ್ಟ್ ಇದೆ. ಮೂರ್ಛೆರೋಗದವರನ್ನು ತಿಂಗಳ ಎರಡನೇ ಭಾನುವಾರ ಉಚಿತವಾಗಿ ನೋಡಿ, ಮುಂದಿನ ತಿಂಗಳವರೆಗೆ ಸಾಲುವಷ್ಟು ಮಾತ್ರೆ ಕೊಡುವುದು, ಅಷ್ಟೇ ಅದರ ಕೆಲಸ. ತುಮಕೂರಿನಿಂದ ಡಾಕ್ಟರು ಬರುತ್ತಾರೆ. ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದೆಲ್ಲ ಜನ ಬರುತ್ತಾರೆ. ಗೊರವನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಲಕ್ಷ್ಮಿಗೆ ಹೂವು ಹಿಡಿದುಕೊಂಡು ಹೊರಟವರ ನಡುವೆ ನಮ್ಮವರು ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಕೂತಿರುತ್ತಾರೆ. ನಾನು ಗೃಹಿಣಿ. ಮನೆಯ ಊಟ ಮುಗಿಸಿ, ಪಾತ್ರೆ ಬೋರಲು ಹಾಕಿ, ವಾರದ ಆರು ದಿನ ಮಧ್ಯಾಹ್ನ ಎರಡರಿಂದ ನಾಲ್ಕೂವರೆವರೆಗೆ ಅಲ್ಲಿ ಕೂತು ಟೈಪು ಮಾಡುತ್ತೇನೆ. ಸಂಬಳ ಇಲ್ಲ, ಕೇಳಿಯೂ ಇಲ್ಲ. ಬೆಳಗಿನ ಹೊತ್ತು ಅದೇ ಖುರ್ಚಿಯಲ್ಲಿ ಕೂರುವವರು ನಮ್ಮ ಕಾರ್ಯದರ್ಶಿಗಳು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು; ಹಣೆಯ ವಿಭೂತಿ ಸಂಜೆಯವರೆಗೂ ಅಳಿಸದ ಹಾಗೆ ನೋಡಿಕೊಳ್ಳುವವರು.

ಎರಡು ವರ್ಷದ ಹಿಂದೆ ಅವರು ಒಂದು ಸಮಾರಂಭ ಮಾಡಿ ‘ಕಾಗದರಹಿತ ಚಿಕಿತ್ಸಾಲಯ’ ಎಂದು ಬ್ಯಾನರು ಕಟ್ಟಿಸಿದರು. ಅಲ್ಲಿಯವರೆಗೆ ಒಬ್ಬೊಬ್ಬ ರೋಗಿಗೂ ಒಂದು ಹಳದಿ ಕಾರ್ಡು ಇತ್ತು. ಮಡಚಿ ಮಡಚಿ ನಾಲ್ಕು ತುಂಡಾಗಿ, ಅರಿಶಿನ ಎಣ್ಣೆ ಹತ್ತಿ, ಕೆಲವಕ್ಕೆ ಹೊಲಿಗೆ ಹಾಕಿಸಿಕೊಂಡು ಬರುತ್ತಿದ್ದರು. ಅವನ್ನೆಲ್ಲ ನಾವು ವಾಪಸ್ ಇಸಿದುಕೊಂಡೆವು. ಆಸ್ಪತ್ರೆ ಕಾಗದಗಳನ್ನೂ ಇಸಿದುಕೊಂಡು ಸ್ಕ್ಯಾನ್ ಮಾಡಿದೆವು. ಬದಲಿಗೆ ಕೈಗೆ ಒಂದು ನೀಲಿ ಪ್ಲಾಸ್ಟಿಕ್ ಬಿಲ್ಲೆ. ಅದರ ಮೇಲೆ ನಂಬರು ಮಾತ್ರ. ಕಾರ್ಡುಗಳಲ್ಲಿದ್ದದ್ದನ್ನು ಟೈಪು ಮಾಡಿದವಳು ನಾನೇ. ಏಳು ತಿಂಗಳು ಹಿಡಿಯಿತು. ಮುಗಿದ ಮೇಲೆ ಕಾರ್ಡು, ಕಾಗದ ಎಲ್ಲವನ್ನೂ ಗೋಣಿಚೀಲದಲ್ಲಿ ತುಂಬಿ ರದ್ದಿಯವನಿಗೆ ಹಾಕಿದರು. ಆ ದಿನ ಕೋಣೆ ಎಷ್ಟು ಚೊಕ್ಕಟವಾಗಿ ಕಂಡಿತೆಂದರೆ ನಾನು ಕಿಟಕಿಗೆ ಹೊಸ ಪರದೆ ಹೊಲಿದು ಹಾಕಿದ್ದೆ. ಇದನ್ನೂ ಹೇಳಬೇಕು.

ಇನ್ನೊಂದನ್ನೂ ಹೇಳಬೇಕು, ಅದು ನನ್ನ ಪಾಲಿನ ತಪ್ಪು, ಯಾರ ತಲೆಗೂ ಕಟ್ಟುವುದಿಲ್ಲ. ಕಂಪ್ಯೂಟರಿನಲ್ಲಿರುವುದೆಲ್ಲ ಇನ್ನೊಂದು ಪ್ರತಿಯಾಗಿ ಒಂದು ಪುಟ್ಟ ಕಪ್ಪು ಡಿಸ್ಕಿನಲ್ಲಿ ಇರುತ್ತಿತ್ತು. ಸಂಜೆ ಮನೆಗೆ ಹೊರಡುವ ಮೊದಲು ಅದನ್ನು ಚುಚ್ಚಿ ಪ್ರತಿ ತೆಗೆದು, ಆಮೇಲೆ ಕಿತ್ತು ಬೀರುವಿನಲ್ಲಿಡಬೇಕು ಎಂದು ಶಿರಾದಿಂದ ಬರುವ ರಿಪೇರಿಯವರು ಹೇಳಿಕೊಟ್ಟಿದ್ದರು. ದಿನಾ ತಪ್ಪದೆ ಮಾಡಿದೆ. ಆಯುಧಪೂಜೆ ಬಂತು. ತೂಕದ ಮಿಷನ್ನು, ಬಿ.ಪಿ. ನೋಡುವ ಯಂತ್ರ, ಕಂಪ್ಯೂಟರು, ಎಲ್ಲಕ್ಕೂ ಅರಿಶಿನ ಕುಂಕುಮ. ಕಾರ್ಯದರ್ಶಿಗಳು ಅರಿಶಿನದ ದಾರವನ್ನು ಕಂಪ್ಯೂಟರಿಗೂ ಡಿಸ್ಕಿಗೂ ಸೇರಿಸಿ ಐದು ಸುತ್ತು ಸುತ್ತಿ, ಗಂಟಿಗೆ ಒಂದು ಸೇವಂತಿಗೆ ಸಿಕ್ಕಿಸಿದರು. ಮರುದಿನ ನಾನು ಡಿಸ್ಕು ಕೀಳಲು ಹೋದಾಗ, “ಕಟ್ಟಿದ ದಾರ ಹರೀಬಾರದು ಮೇಡಂ, ತಾನಾಗೇ ಉದುರಲಿ ಬಿಡಿ” ಎಂದರು. ನನಗೂ ಹರಿಯಲು ಮನಸ್ಸು ಬರಲಿಲ್ಲ. ದಾರ ಉದುರಲಿಲ್ಲ. ಸಂಕ್ರಾಂತಿ ಕಳೆದರೂ ಒಣಗಿದ ಸೇವಂತಿಗೆಯ ಸಮೇತ ಅದು ಹಾಗೇ ಇತ್ತು, ಡಿಸ್ಕೂ ಹಾಗೇ ಚುಚ್ಚಿಕೊಂಡಿತ್ತು. ಬಂದವರು ಕಂಪ್ಯೂಟರಿಗೂ ಅದಕ್ಕೂ ಒಟ್ಟಿಗೇ ಬೀಗ ಹಾಕಿ ಹೋದರು.

ನಾನು ಪತ್ರ ನೋಡಿದ್ದು ಒಂದು ಗುರುವಾರ ಮಧ್ಯಾಹ್ನ. ಶಿಬಿರಕ್ಕೆ ಮೂರು ದಿನ ಉಳಿದಿತ್ತು. ಶುಕ್ರವಾರ ಬೆಳಿಗ್ಗೆ ರಿಪೇರಿಯವರು ಶಿರಾದಿಂದ ಬೈಕಿನಲ್ಲಿ ಬಂದರು. ನಾನೂ ಅಂದು ಅಡುಗೆ ಬೇಗ ಮುಗಿಸಿ ಹೋಗಿದ್ದೆ. ಅವರು ಹೆಲ್ಮೆಟ್ಟು ತೆಗೆಯುವುದಕ್ಕೂ ಮೊದಲು ಇಂಟರ್ನೆಟ್ಟಿನ ವೈರು ಕಿತ್ತರು. ಪರದೆಯ ಫೋಟೋ ತೆಗೆದುಕೊಂಡರು. ಆಮೇಲೆ ಬಗ್ಗಿ ಡಿಸ್ಕು ನೋಡಿದರು.

“ಯಾ ಅಲ್ಲಾ. ಮೇಡಂ, ಇದನ್ನ ಕಿತ್ತಿಡಿ ಅಂತ ನಾನು ಹೇಳಿರ್ಲಿಲ್ವಾ?”

“ದಾರ ಕಟ್ಟಿದ್ವಲ್ಲ…” ಎಂದೆ. ನನ್ನ ಕಿವಿಗೇ ಅದು ಚಿಕ್ಕ ಹುಡುಗಿ ಹೋಮ್‌ವರ್ಕ್ ಮಾಡದೆ ಬಂದು ಹೇಳಿದ ಹಾಗೆ ಕೇಳಿಸಿತು.

“ಪೂಜೆ ಮಾಡಿ, ಬೇಡ ಅನ್ನಲ್ಲ. ಖಾಲಿ ಡಬ್ಬಿಗೆ ಮಾಡ್ಬೇಕಿತ್ತು.” ಅವರು ಜೇಬಿನಿಂದ ಸಣ್ಣ ಕಟರು ತೆಗೆದು ದಾರ ಕತ್ತರಿಸಿದರು. ಡಿಸ್ಕು ಚುಚ್ಚಿದ್ದ ಜಾಗದಲ್ಲಿ ಕುಂಕುಮ ಹೆಪ್ಪುಗಟ್ಟಿತ್ತು. ಉಫ್ ಎಂದು ಊದಿದರು. ದಾರವನ್ನೂ ಹೂವನ್ನೂ ಕಸದ ಬುಟ್ಟಿಗೆ ಹಾಕದೆ, ಒಂದು ಕಾಗದದ ಮೇಲೆ ಎತ್ತಿ ಕಿಟಕಿಯ ಹತ್ತಿರ ಇಟ್ಟರು. ನನಗೆ ಅಳು ಬಂದದ್ದು ಅದನ್ನು ನೋಡಿ.

ಎರಡು ಗಂಟೆ ಹುಡುಕಿದರು. ಬೀಗ ಬಿದ್ದ ಫೈಲುಗಳನ್ನು ಅಳಿಸಬಾರದು, ಬೇರೆ ಡಿಸ್ಕಿಗೆ ಹಾಕಿ ಎತ್ತಿಡೋಣ, ಎಂದಾದರೂ ಯಾರಾದರೂ ಇದರ ಬೀಗದ ಕೈ ಕಂಡುಹಿಡಿದರೆ ತೆರೆಯಬಹುದು ಎಂದರು. ಯಾವಾಗ ಎಂದು ಕೇಳಿದೆ. “ಅದು ಹೇಳಕಾಗಲ್ಲ ಮೇಡಂ. ನಾಳೆ ಆಗ್ಬಹುದು, ಆಗದೇನೂ ಇರಬಹುದು.” ಹಣ ಕಳಿಸಿದರೆ ಎಂದು ಕಾರ್ಯದರ್ಶಿಗಳು ಕೇಳಿದರು. “ಕಳ್ಳನಿಗೆ ರಸೀದಿ ಕೇಳೋಕಾಗುತ್ತಾ ಸಾರ್?” ಎಂದರು. ಪೊಲೀಸಿಗೆ ದೂರು ಕೊಟ್ಟೆವು, ಒಂದು ನಂಬರು ಸಿಕ್ಕಿತು. ನಮ್ಮಲ್ಲಿ ಆಗಲೇ ಬೇಕಾದಷ್ಟು ನಂಬರುಗಳಿದ್ದವು.

ಹೊರಡುವಾಗ ಮೆಟ್ಟಿಲ ಬಳಿ ಅವರು ನನ್ನೊಬ್ಬಳಿಗೇ ಹೇಳಿದರು: “ಮೇಡಂ, ಇ-ಮೇಲಲ್ಲಿ ಅನುದಾನ ಮಂಜೂರಾತಿ ಅಂತ ಒಂದು ಫೈಲ್ ಬಂದಿತ್ತು. ಅದನ್ನ ತೆರೆದಿದಾರೆ, ಕಳ್ಳ ಒಳಗೆ ಬಂದಿದ್ದು ಅದ್ರಿಂದಲೇ. ಗುರುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ.” ಹೇಳಿ ಹೆಲ್ಮೆಟ್ಟು ಹಾಕಿಕೊಂಡರು. ಬೆಳಿಗ್ಗೆ ಹನ್ನೊಂದಕ್ಕೆ ಆ ಖುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ನಾನು ಒಳಕೋಣೆಯಲ್ಲಿ ಕೂತು ಬಿಳಿ ಕಾರ್ಡುಗಳಿಗೆ ಸ್ಕೇಲಿನಿಂದ ಗೆರೆ ಹಾಕುತ್ತಿದ್ದೆ. ಹೊರಗೆ ಕಾರ್ಯದರ್ಶಿಗಳು ಟ್ರಸ್ಟಿನ ಸದಸ್ಯರಿಗೆ ಒಬ್ಬೊಬ್ಬರಾಗಿ ಫೋನು ಮಾಡುತ್ತಿದ್ದರು. ಮೂರನೆಯ ಫೋನಿನಲ್ಲಿ ಕೇಳಿಸಿತು. “ಹೌದೌದು, ಮೇಡಮ್ಮೇ ಕೂರೋದು. ಹೆಣ್ಣುಮಕ್ಕಳು ಪಾಪ, ಗೊತ್ತಾಗಲ್ಲ, ಏನೋ ಒತ್ತಿಬಿಟ್ಟಿದ್ದಾರೆ. ನಾನು ಏನೂ ಅನ್ನಕ್ಕೆ ಹೋಗಿಲ್ಲ, ಬೇಜಾರು ಮಾಡ್ಕೋತಾರೆ.”

ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ‘ಪಾಪ’ ಎಂಬ ಮಾತು ಉರಿಸಿತು. ಆದರೂ ನಾನು ಎದ್ದು ಹೋಗಲಿಲ್ಲ. ಪೆನ್ಸಿಲಿನ ಮೊನೆ ಮುರಿಯಿತು, ಮತ್ತೆ ಚೂಪು ಮಾಡಿಕೊಂಡು ಉಳಿದ ಗೆರೆಗಳನ್ನು ಹಾಕಿದೆ, ನೇರವಾಗಿಯೇ. ಮನೆಯಲ್ಲಿ ನನ್ನವರು, “ನಿನಗ್ಯಾಕೆ ಊರ ಉಸಾಬರಿ, ಬಿಟ್ಟುಬಿಡು” ಎಂದರು. ಅವರ ಮೇಲೂ ಸಿಟ್ಟು ಬಂತು. ರಾತ್ರಿ ಸಾರಿಗೆ ಉಪ್ಪು ಹಾಕಲು ಮರೆತಿದ್ದೆ. ಯಾರೂ ಸೊಲ್ಲೆತ್ತದೆ ಉಂಡರು.

ಭಾನುವಾರ ಜನ ನೀಲಿ ಬಿಲ್ಲೆ ಹಿಡಿದುಕೊಂಡು ಬಂದರು. ಕಂಪ್ಯೂಟರು ಮೂಲೆಯಲ್ಲಿ ಮುಸುಕು ಹೊದ್ದು ಕೂತಿತ್ತು. ಈಗಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಂದು ಆರು ತಿಂಗಳಾಗಿತ್ತಷ್ಟೆ. ಹಳೆಯ ಡಾಕ್ಟರು ಹೋದ ವರ್ಷ ತೀರಿಕೊಂಡಿದ್ದರು. ಇವರು ಒಬ್ಬೊಬ್ಬರನ್ನೂ ಮೊದಲಿಂದ ಕೇಳುತ್ತಾ ಹೋದರು, ನಾನು ಪಕ್ಕದಲ್ಲಿ ಕೂತು ಕಾರ್ಡಿಗೆ ಬರೆಯುತ್ತಾ ಹೋದೆ. ಯಾವಾಗಿಂದ? ಎಷ್ಟು ಸಲ? ಯಾವ ಮಾತ್ರೆ? ಪಾವಗಡದ ಆಚೆಯಿಂದ ಬರುವ ಒಬ್ಬ ಮುದುಕರು ಬಿಲ್ಲೆಯನ್ನು ಮೇಜಿನ ಮೇಲೆ ಕುಟ್ಟಿದರು.

“ಏಮಮ್ಮಾ, ನಂಬ್ರು ಐತೆ ಕದಾ? ನೂರಾ ನಲ್ವತ್ತು. ಮತ್ತೆ ನಾನ್ಯಾರು ಅಂತ ತೆಲಿಯದಾ ನಿಮ್ಗೆ?”

“ಕಂಪ್ಯೂಟರ್ ಕೆಟ್ಟಿದೆ ತಾತ. ನೀವೇ ಹೇಳಿ.”

“ನಾನು ಹೇಳೋದಾದ್ರೆ ಈ ಬಿಳ್ಳೆ ಯಾತಕ್ಕೆ ಕೊಟ್ರಿ? ಎಮ್ಮೆಗೆ ಕಟ್ಟಾಕಾ?”

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಹೆಚ್ಚಿನವರದು ಹೇಗೋ ನಡೆಯಿತು. ಈಗ ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್ಪು ತಂದಿದ್ದರು, ಅದನ್ನೇ ಮುಂದುವರಿಸಿದರಾಯಿತು. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಹನ್ನೆರಡರ ಹೊತ್ತಿಗೆ ಆ ತಾಯಿ ಮಗಳು ಬಂದರು. ತಾಯಿ ಹುಲಿಕುಂಟೆಯ ಆಚೆಗಿನ ಹಳ್ಳಿಯವರು, ಕುರಿ ಸಾಕುವ ಮನೆ. ಹೆಗಲ ಮೇಲೆ ಯಾವಾಗಲೂ ಒಂದು ಮಡಚಿದ ಕಂಬಳಿ. ಮಗಳಿಗೆ ಇಪ್ಪತ್ತೆರಡು, ಹೋದ ವರ್ಷ ಬಡವನಹಳ್ಳಿ ಹತ್ತಿರಕ್ಕೆ ಕೊಟ್ಟಿದ್ದಾರೆ. ಒಂದೂವರೆ ವರ್ಷದಿಂದ ಫಿಟ್ಸ್ ಬಂದಿರಲಿಲ್ಲ. ಹುಡುಗಿ ನಾಚಿಕೊಂಡು ಡಾಕ್ಟರ ಕಿವಿಯಲ್ಲಿ ಏನೋ ಹೇಳಿದಳು. ಎರಡು ತಿಂಗಳಾಗಿತ್ತು.

ಡಾಕ್ಟರು ಮೊದಲು ನಕ್ಕು, ಆಮೇಲೆ ಅವಳ ಕೈಲಿದ್ದ ಸ್ಟ್ರಿಪ್ಪು ನೋಡಿ ಗಂಭೀರರಾದರು. ಈಗಿನ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ, ಬದಲಾಯಿಸಬೇಕು, ಅದೂ ಬೇಗ. ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯ. ಇವಳಿಗೆ ಹೊಂದುವಂಥವು ಎರಡು ಮಾತ್ರೆ ಇವೆ, ಎರಡರಲ್ಲಿ ಒಂದನ್ನು ಕೊಡಬೇಕು ಎಂದರು.

ಆಗ ತಾಯಿ ಹೇಳಿದರು: “ಮಾತ್ರೆ ಬದ್ಲಾಯ್ಸಬೇಕಾರೆ ಹುಷಾರು ಕಣವ್ವಾ. ಮೂರು ವರ್ಷದ್ ಹಿಂದೆ ಒಂದ್ ಮಾತ್ರೆ ಕೊಟ್ಟು ಮೈಯೆಲ್ಲ ಬೊಬ್ಬೆ ಎದ್ದು, ಬಾಯೊಳ್ಗೆಲ್ಲ ಹುಣ್ಣಾಗಿ, ಇಪ್ಪತ್ ದಿನ ತುಮ್ಕೂರಾಗೆ ಮಲ್ಗಿದ್ಲು. ಬದುಕಿದ್ದೇ ಹೆಚ್ಚು. ಅದೊಂದ್ ಮಾತ್ರ ಕೊಡಬ್ಯಾಡಿ.”

“ಯಾವ ಮಾತ್ರೆ ಅದು?”

“ಬೆಳ್ಳಗೆ, ಗುಂಡಗಿತ್ತು.”

ಡಾಕ್ಟರು ನನ್ನ ಕಡೆ ನೋಡಿದರು. ಎರಡೂ ಮಾತ್ರೆ ಬೆಳ್ಳಗೆ ಗುಂಡಗೇ ಇರುತ್ತವೆ. ಹಳೆಯ ಡಾಕ್ಟರು ಆ ಹೆಸರನ್ನು ಹಳದಿ ಕಾರ್ಡಿನ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಕಂಪ್ಯೂಟರಿನಲ್ಲೂ ಅದನ್ನು ಕೆಂಪಕ್ಷರದಲ್ಲೇ ಟೈಪು ಮಾಡಿದವಳು ನಾನು. ಆ ಎರಡು ಗೆರೆ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರ್ಡಿನ ಮೂಲೆಯಲ್ಲಿದ್ದ ಟೀ ಲೋಟದ ಉಂಗುರ ನೆನಪಿದೆ. ಹೆಸರು ನೆನಪಿಲ್ಲ. ನನ್ನ ಬೆರಳುಗಳಿಂದಲೇ ಹಾದುಹೋದ ಹೆಸರು. ಬೆರಳುಗಳನ್ನು ನೋಡಿಕೊಂಡರೆ ಅವೂ ಏನೂ ಹೇಳಲಿಲ್ಲ. ಹುಡುಗಿ ಮಲಗಿದ್ದ ಆಸ್ಪತ್ರೆಗೆ ಅಲ್ಲಿಂದಲೇ ಫೋನು ಮಾಡಿದೆ. ಒಳರೋಗಿ ನಂಬರು ಹೇಳಿ, ಹುಡುಕಿಸೋಣ ಎಂದರು. ಆ ನಂಬರು ಇದ್ದ ಕಾಗದವನ್ನು ಇಸಿದುಕೊಂಡು, ಸ್ಕ್ಯಾನ್ ಮಾಡಿ, ರದ್ದಿಗೆ ಹಾಕಿದವರು ನಾವೇ.

“ಅಂದಾಜಿನ ಮೇಲೆ ನಾನು ಬರೆಯಲ್ಲ” ಎಂದರು ಡಾಕ್ಟರು. “ಸುಮಾರಾಗಿ ಗೊತ್ತಿದ್ರೆ ಸಾಲದು. ಗೊತ್ತಿರಲೇಬೇಕು.”

ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಒಳಗೆ ಬಂದು, ಡಾಕ್ಟರಿಗೆ ಸಮಾಧಾನ ಹೇಳುವವರಂತೆ, ತಾಯಿಗೂ ಕೇಳುವಂತೆ ಹೇಳಿದರು: “ಏನ್ ಮಾಡೋದು ಡಾಕ್ಟ್ರೇ, ನಮ್ಮ ಮೇಡಂ ಕೈಯಿಂದ ಒಂದು ಪ್ರಮಾದ ಆಗೋಯ್ತು.”

ತಾಯಿ ನನ್ನ ಕಡೆ ತಿರುಗಿದರು. “ನೀವೇನಾ ಮೇಡಮ್ಮೋರೆ ನನ್ ಮಗ್ಳು ಕಾಗ್ದ ಕಳ್ದಿದ್ದು?”

ಶಾಲೆಯಲ್ಲಿ ಥ್ರೋಬಾಲ್ ಆಡುವಾಗ ಬಿಟ್ಟರೆ ನಾನು ಕೂಗಿದವಳಲ್ಲ. ಅಂದು ಕೂಗಿದೆ. “ಸಾರ್, ಆ ಇ-ಮೇಲ್ ಫೈಲು ತೆರೆದದ್ದು ಗುರುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ. ಹನ್ನೊಂದು ಹತ್ತಕ್ಕೆ ನಾನು ಮನೆಯಲ್ಲಿ ಹುರುಳಿಕಾಳು ಬಸೀತಿದ್ದೆ. ಈ ಖುರ್ಚಿಯಲ್ಲಿ ಕೂತಿದ್ದೋರು ನೀವು. ಅನುದಾನ ಅನ್ನೋ ಪದ ಕಂಡಿದ್ದೇ ಒತ್ತಿದ್ದು ನೀವು. ದಾರ ಹರೀಬೇಡಿ ಅಂದಿದ್ದು ನೀವು, ಕೇಳಿದ ಪೆದ್ದಿ ನಾನು. ಕಾರ್ಡೆಲ್ಲ ರದ್ದಿಗೆ ಹಾಕಿಸಿದ್ದು ನೀವು. ಇನ್ನೊಂದು ಸಲ ನನ್ನ ‘ಪಾಪ’ ಅಂದ್ರೆ ನೋಡಿ!”

ಮಂಡಿಯಲ್ಲಿ ಮೂಟೆ ಇಳಿಸುತ್ತಿದ್ದವರ ಸದ್ದೂ ನಿಂತ ಹಾಗಾಯಿತು. “ನಿಧಾನ ಮೇಡಂ, ಜನ ಇದಾರೆ…” ಎಂದರು ಕಾರ್ಯದರ್ಶಿಗಳು. ವಿಭೂತಿಯ ನಡುವೆ ಬೆವರು ಒಡೆದಿತ್ತು. ನನ್ನೊಳಗೆಲ್ಲೋ ಒಂದು ಸಂತೋಷ ಇತ್ತು, ಅಂತೂ ಹೇಳಿದೆನಲ್ಲ ಎಂದು. ಅದು ಒಂದು ನಿಮಿಷ ಕೂಡ ಉಳಿಯಲಿಲ್ಲ.

“ಯಾರ್ ಒತ್ತಿದ್ರೆ ನಂಗೇನಾಗ್ಬೇಕು?” ಎಂದರು ತಾಯಿ. ಅವರ ದನಿ ನನ್ನಷ್ಟು ಏರಿರಲಿಲ್ಲ. “ನೀವ್ ನೀವು ಆಮ್ಯಾಲೆ ಕಿತ್ತಾಡ್ಕಳಿ. ಆ ಕಾಲ್ದಾಗೆ ಕಾಗ್ದ ನನ್ ಬುಟ್ಟೀಲಿತ್ತು. ಭದ್ರವಾಗಿತ್ತು. ಕೊಡವ್ವ, ನಾವ್ ಜ್ವಾಪಾನವಾಗಿ ಮಡೀಕತೀವಿ ಅಂತ ಕೈ ಚಾಚಿ ಇಸ್ಕಂಡೋರ್ ಯಾರು? ನೀವೇ ಅಲ್ವಾ ಮೇಡಮ್ಮೋರೆ? ನಗ್ನಗ್ತಾ ಇಸ್ಕಂಡ್ರಿ.”

ಹೌದು, ನಾನೇ. ನಗುತ್ತಲೇ ಇಸಿದುಕೊಂಡಿದ್ದೆ. ಹುಡುಗಿ ತಾಯಿಯ ಸೆರಗು ಹಿಡಿದು ಸುಮ್ಮನಿರಮ್ಮ ಎನ್ನುವಂತೆ ಎಳೆಯುತ್ತಿದ್ದಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಇನ್ನೂ ಏನೂ ಕಾಣದ ಹೊಟ್ಟೆ.

ಡಾಕ್ಟರು ತಾಯಿಯ ಕಡೆ ತಿರುಗಿದರು. “ಅಮ್ಮಾ, ಹಳೇ ಮಾತ್ರೇದು ಖಾಲಿ ಸ್ಟ್ರಿಪ್ ಏನಾದ್ರೂ ಮನೇಲಿ ಬಿದ್ದಿದೆಯಾ? ಬಿಸಾಕದೇ ಉಳಿದಿರೋದು?”

“ಬಿಸಾಕಾದ್ಯಾಕೆ? ಸಜ್ಜೆ ಹೊಲ್ಕೆ ಕಟ್ಟಾಕೆ ಬೇಕಲ್ಲ. ಗುಬ್ಬಿ ಗಿಣಿ ಬತ್ತವೆ. ಹಾಳೆ ಬಿಸ್ಲಿಗೆ ಹೊಳೆದ್ರೆ ಓಡ್ತವೆ. ಎಲ್ಲಾನೂ ಕಂಬಿಗೆ ಏರ್ಸಿ ಇಟ್ಟೀವ್ನಿ.”

ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತಿದೆ. ಕಾರ್ಯದರ್ಶಿಗಳಿಗೆ ಹೇಳಲಿಲ್ಲ. ಮನೆಯಲ್ಲಿ, ಅನ್ನ ಮಾಡಿಟ್ಟಿದ್ದೇನೆ, ಸಾರು ನೀವೇ ಬಿಸಿ ಮಾಡಿಕೊಳ್ಳಿ ಎಂದು ಹೇಳಿ ಹೊರಟೆ. ಶಿರಾದಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಹುಲಿಕುಂಟೆಗೆ, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಸಿಟ್ಟು ನನ್ನ ಜೊತೆಗೇ ಕೂತಿತ್ತು. ಪತ್ರ ಬರೆದವರ ಮೇಲೆ, ಖುರ್ಚಿಯ ಮೇಲೆ, ದಾರದ ಮೇಲೆ. ಪತ್ರ ಬರೆದವರನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ, ಮುಖ ಮೂಡಲಿಲ್ಲ. ಅವರಿಗೆ ಈ ಹುಡುಗಿಯ ಬಾಯೊಳಗಿನ ಹುಣ್ಣು ಗೊತ್ತಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದರೇ ಎಂದುಕೊಂಡೆ. ಬಿಡುತ್ತಿರಲಿಲ್ಲ, ಬೆಲೆ ಏರಿಸುತ್ತಿದ್ದರು.

ಮನೆ ಊರಾಚೆ, ಕುರಿ ರೊಪ್ಪದ ಪಕ್ಕದಲ್ಲಿ. ಹೊಲದಲ್ಲಿ ಸಜ್ಜೆ ಕೊಯ್ದಾಗಿತ್ತು, ಕೂಳೆ ಮಾತ್ರ ಉಳಿದಿತ್ತು. ಎರಡು ಗೂಟಗಳ ನಡುವೆ ಬಿಚ್ಚದೆ ಬಿಟ್ಟ ಒಂದು ದಾರದಲ್ಲಿ ನಾಲ್ಕೈದು ಮಾತ್ರೆ ಹಾಳೆಗಳು ಗಾಳಿಗೆ ತಿರುಗುತ್ತಿದ್ದವು. ಹತ್ತಿರ ಹೋಗಿ ನೋಡಿದೆ: ಬಿಸಿಲಿಗೆ ಅಕ್ಷರಗಳೆಲ್ಲ ಹಾರಿಹೋಗಿ ಬರೀ ಬೆಳ್ಳಿ. ಒಂದೊಂದನ್ನೂ ತಿರುಗಿಸಿ ನೋಡಿದೆ, ಎಲ್ಲವೂ ಹಾಗೇ.

“ಅಲ್ಲೇನ್ ನೋಡ್ತೀರಿ, ಅವು ಈ ವರ್ಷದ್ವು. ಬರ್ರಿ ಒಳಕ್ಕೆ” ಎಂದು ತಾಯಿ ಕರೆದರು. ನಿನ್ನೆ ನನ್ನ ಮೇಲೆ ಹರಿಹಾಯ್ದವರು ಇವತ್ತು ಮೊದಲು ನೀರು ಕೊಟ್ಟರು. ಸಿಟ್ಟು ಹೋಗಿರಲಿಲ್ಲ, ನೀರು ಕೊಡುವುದು ಬೇರೆ, ಸಿಟ್ಟು ಬೇರೆ.

ರೊಪ್ಪದ ಪಕ್ಕದ ಮಾಡಿನಲ್ಲಿ, ತೊಲೆಯಿಂದ ಒಂದು ದಪ್ಪ ಕಂಬಿ ನೇತಾಡುತ್ತಿತ್ತು. ಅಂಗಡಿಗಳಲ್ಲಿ ಚೀಟಿಗಳನ್ನು ಚುಚ್ಚಿಡುವ ಹಾಗೆ ಹಾಳೆಗಳನ್ನು ಒಂದರ ಮೇಲೊಂದು ಚುಚ್ಚಿದ್ದರು. ಅಡಿಯಲ್ಲಿ ಜಾರಿ ಬೀಳದಿರಲೆಂದು ತುದಿ ಬಗ್ಗಿಸಿದ್ದರು. ಖಾಲಿಯಾದ ಹಾಗೆಲ್ಲ ಮೇಲಿಂದ ಏರಿಸುತ್ತಾರೆ, ತೆನೆ ಬಂದಾಗ ಮೇಲಿನಿಂದಲೇ ತೆಗೆದು ಹೊಲಕ್ಕೆ ಕಟ್ಟುತ್ತಾರೆ. ಹಾಗಾಗಿ ಅಡಿಯವು ಬಿಸಿಲು ಕಂಡೇ ಇಲ್ಲ.

ತಾಯಿ ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿ, ಕಂಬಿ ಇಳಿಸಿ, ಮೇಲಿನಿಂದ ಒಂದೊಂದೇ ತೆಗೆದು ಸಾಲಾಗಿ ಇಡುತ್ತಾ ಬಂದರು. ಓದು ಬಾರದವರು; ಆದರೂ ಒಂದು ಹಾಳೆಯನ್ನೂ ಹಿಂದುಮುಂದು ಮಾಡಲಿಲ್ಲ. ನಾನು ಮಂಡಿಯೂರಿ ಕೂತು ಓದುತ್ತಾ ಬಂದೆ. ಈಗಿನ ಮಾತ್ರೆ. ಈಗಿನ ಮಾತ್ರೆ. ಅದೇ, ಅದೇ, ಮತ್ತೂ ಅದೇ. ಆಡಿನ ಮರಿಯೊಂದು ಬಂದು ಸಾಲು ತುಳಿಯಲು ನೋಡಿತು. “ಹೈ, ಆಚ್ಗೋಗು, ನೀನೂ ಏನಾರ ಒತ್ತೀಯ” ಎಂದು ತಾಯಿ ಅದನ್ನು ತಳ್ಳಿದರು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಕಂಬಳಿ ಮುಕ್ಕಾಲು ತುಂಬಿದ ಮೇಲೆ ಒಂದು ಹಾಳೆ ಬಂತು. ಅಂಚಿನ ಬಣ್ಣವೇ ಬೇರೆ. ಹತ್ತು ಗುಳಿಗಳೂ ಖಾಲಿ. ಅದರ ಕೆಳಗಿನಿಂದ ಶುರುವಾದವು ಮತ್ತೆ ಬೇರೆ ಜಾತಿ, ಮೊಟ್ಟಮೊದಲು ಕೊಡುತ್ತಿದ್ದ, ಫಿಟ್ಸ್ ನಿಲ್ಲಿಸದ ಮಾತ್ರೆ. ನಡುವೆ ಆ ಜಾತಿಯದು ಇದೊಂದೇ.

ತಾಯಿ ಅದನ್ನು ಎರಡು ಬೆರಳಲ್ಲಿ ಹಿಡಿದರು. “ಇದೇ. ಹನ್ನೊಂದನೇ ದಿನ ಬೊಬ್ಬೆ ಎದ್ದಿದ್ದು. ಎರಡನೇ ಹಾಳೇಲಿ ಒಂದೇ ನುಂಗಿದ್ಲು, ಮಿಕ್ಕಿದ್ದ ತಿಪ್ಪೆಗೆ ಎಸ್ದೆ. ಇದು ಖಾಲಿ ಆಗಿತ್ತಲ್ಲ, ಅದಕ್ಕೇ ಏರ್ಸಿದ್ದೆ.”

ಹೆಸರು ಅಚ್ಚಳಿಯದೆ ಇತ್ತು. ಡಾಕ್ಟರು ಹೇಳಿದ್ದ ಎರಡರಲ್ಲಿ ಒಂದು. ಓದಿದ ಕೂಡಲೇ ನನ್ನ ಬೆರಳುಗಳಿಗೆ ನೆನಪಾಯಿತು, ಮೊದಲ ಅಕ್ಷರದಿಂದ ಕೊನೆಯವರೆಗೆ, ಕೆಂಪಿನಲ್ಲಿ. ಆಗ ಬಾರದ್ದು ಈಗ ಬಂದು ಏನು ಪ್ರಯೋಜನ ಎಂದು ಆ ಬೆರಳುಗಳ ಮೇಲೂ ರೇಗಿತು. ಹೊರಗೆ ಹೋಗಿ, ಸಿಗ್ನಲ್ಲು ಸಿಗುವ ಬಂಡೆಯ ಮೇಲೆ ನಿಂತು ಫೋಟೋ ಕಳಿಸಿದೆ. ಡಾಕ್ಟರು ಕೂಡಲೇ ಫೋನು ಮಾಡಿ, ಅಕ್ಷರ ಅಕ್ಷರವಾಗಿ ಓದಿಸಿಕೊಂಡರು. ಇದು ಎಂದೂ ಬೇಡ, ಇನ್ನೊಂದನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡೋಣ, ಬುಧವಾರ ಹುಡುಗಿಯನ್ನು ತುಮಕೂರಿಗೆ ಕರೆತನ್ನಿ, ಈಗಿನದನ್ನು ನಾನು ಹೇಳುವವರೆಗೆ ನಿಲ್ಲಿಸಬೇಡಿ ಎಂದರು. ಫೋನಿನಲ್ಲೇ ಒಂದು ಉದ್ದ ಉಸಿರು ಕೇಳಿಸಿತು. ನನ್ನದೋ ಅವರದೋ.

ಮಾಡಿಗೆ ವಾಪಸ್ ಬಂದು, ಆ ಹಾಳೆಯನ್ನು ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಇಡಲು ಹೋದೆ. ಟ್ರಸ್ಟಿನ ಬೀರುವಿನಲ್ಲಿ ಅವಳ ಕಾರ್ಡಿಗೆ ಅಂಟಿಸಿಡಬೇಕು ಎಂದು ನನ್ನ ಯೋಚನೆ.

ತಾಯಿ ಕೈ ಚಾಚಿದರು. “ಕೊಡ್ರಿ ಇಲ್ಲಿ.”

“ಕಾರ್ಡಿಗೆ ಅಂಟಿಸ್ತೀನಿ. ಭದ್ರವಾಗಿ ಇಟ್ಕೋತೀನಿ, ನಾನೇ…”

“ಇದ್ನ ಕೊಡಾಕಿಲ್ಲ ಕಣಮ್ಮ. ನಿಮ್ಗೆ ಕೊಟ್ಟ ಕಾಗ್ದ ಒಂದೂ ವಾಪಸ್ ಬರ್ನಿಲ್ಲ. ಫೋಟೋ ಹಿಡ್ಕಂಡ್ರಲ್ಲ, ಸಾಕು. ಬರ್ಕಳಾದಿದ್ರೆ ಬರ್ಕಳಿ. ಹಾಳೆ ಇಲ್ಲೇ ಇರ್ತೈತೆ. ಬೇಕಾದ್ರೆ ನೀವೇ ಬಂದು ನೋಡ್ಕಂಡ್ ಹೋಗ್ರಿ.”

ಒಂದು ಕ್ಷಣ ನನ್ನೊಳಗೆ ಕಾನ್ವೆಂಟಿನ ಹುಡುಗಿ ನೊಂದುಕೊಂಡಳು. ಇಷ್ಟು ದೂರ ಬಂದಿದ್ದೇನೆ, ನನ್ನನ್ನೂ ನಂಬುವುದಿಲ್ಲವೇ ಎಂದು. ನಂಬಬೇಕಾದ ಕಾರಣ ಒಂದನ್ನು ಹುಡುಕಿದೆ. ಸಿಗಲಿಲ್ಲ. ಕರವಸ್ತ್ರ ಬಿಚ್ಚಿ ಕೊಟ್ಟುಬಿಟ್ಟೆ.

ಚೀಲದಿಂದ ಎರಡು ಬಿಳಿ ಕಾರ್ಡು ತೆಗೆದು, ಮೊಣಕಾಲ ಮೇಲೆ ಇಟ್ಟುಕೊಂಡು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಆ ಹೆಸರು ಬರೆದೆ. ಕೆಂಪು ಪೆನ್ನು ತಂದಿದ್ದೆ. ಕೆಳಗೆ ಎರಡು ಗೆರೆ ಎಳೆದೆ. ಒಂದು ನನಗೆ, ಒಂದು ಮಗಳಿಗೆ ಎಂದೆ. “ಇನ್ನೊಂದ್ ಬರೀರಿ, ನಂಗೆ” ಎಂದರು ತಾಯಿ. ಮೂರನೆಯದನ್ನೂ ಬರೆದೆ. ಅವರು ಮೂರನ್ನೂ ಪಕ್ಕ ಪಕ್ಕ ಹಿಡಿದು, ಓದು ಬಾರದ ಕಣ್ಣಿನಲ್ಲೇ ಅಕ್ಷರದ ಆಕಾರಕ್ಕೆ ಆಕಾರ ತಾಳೆ ನೋಡಿದರು. ಮೂರರಲ್ಲೂ ಗೆರೆಗಳು ಒಂದೇ ಉದ್ದ ಇವೆಯೇ ಎಂದು ಬೆರಳಿಟ್ಟು ಅಳೆದರು. ಆಮೇಲೆ ಎರಡನ್ನು ತಾವಿಟ್ಟುಕೊಂಡು ಒಂದನ್ನು ನನಗೆ ಕೊಟ್ಟರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಅಲ್ಲೇ ಕೂತಿದ್ದೆ. ಅವರು ಕಂಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲು ಅತಿ ಹಳೆಯ ಹಾಳೆಗಳನ್ನು ಏರಿಸಿದರು, ಅವುಗಳ ಮೇಲೆ ಬಣ್ಣದ ಅಂಚಿನ ಆ ಒಂದನ್ನು, ಆಮೇಲೆ ಉಳಿದವನ್ನು ಒಂದೊಂದಾಗಿ, ಇದ್ದ ಸಾಲು ತಪ್ಪದ ಹಾಗೆ ಏರಿಸಿ, ಕಂಬಿಯನ್ನು ಮತ್ತೆ ತೊಲೆಗೆ ನೇತುಹಾಕಿದರು.